ರಾಡ್ ಓವನ್ನಿನಲ್ಲಿ ಒಂಬತ್ತು ಡಬ್ಬಿ

೪, ಸೋಮವಾರ. ಸಂಜೆ ೬

ದೇವರಿಗೆ ಕೈಮುಗಿದು ಕೆಲಸ ಶುರು ಮಾಡಿದೆ. ಅದೇ ಕೆಲಸ — ಬೆಸುಗೆ ಒರೆಸು, ಕೆಂಪು ಬಣ್ಣ ಹೊಡೆ, ಕಾಲು ಗಂಟೆ ಬಿಡು, ಒರೆಸಿ ತೆಗೆ, ಮೇಲೆ ಬಿಳಿ ಹೊಡೆ. ಬಿರುಕಿದ್ದರೆ ಒಳಗೆ ಅವಿತ ಕೆಂಪು ಎದ್ದು ಬರುತ್ತದೆ. ಹನ್ನೊಂದು ವರ್ಷವಾಯಿತು, ಇನ್ನೂ ಎದೆ ಡವಡವ.

ಇವತ್ತು ಬಂತು! ಕೂದಲೆಳೆಯಷ್ಟು ಸಣ್ಣ, ಒಂದು ಗೇಣು ಉದ್ದ. ಬೆಸೆದವಳು ನನ್ನ ತಂಗಿಯ ಮಗಳು. ಶೆಡ್ಡಿಗೆಲ್ಲ ಒಬ್ಬಳೇ ಹೆಣ್ಣು ವೆಲ್ಡರ್. ಇದು ಮೂರನೆಯ ಬಿರುಕು.

"ನಿಮ್ಮ ಹುಡುಗಿ ಬೆಸೆದಿದ್ದೋ, ಹೊಲಿದಿದ್ದೋ?" ಎಂದ ಮೇಸ್ತ್ರಿ.

"ಹೊಲಿದಿದ್ರೆ ಬಿರುಕು ಬಿಡ್ತಾನೇ ಇರ್ಲಿಲ್ಲ, ಹೋಗಪ್ಪ."

ಇನ್ನೊಂದು ಬಂದರೆ ಅವಳಿಗೆ ಬೆಸೆಯುವುದನ್ನು ಬಿಡಿಸಿ ಗ್ರೈಂಡಿಂಗಿಗೆ ಹಾಕುತ್ತಾರಂತೆ.

೫, ಮಂಗಳವಾರ

ಇನ್‌ಸ್ಪೆಕ್ಟರ್ ಸರ್ ಬಂದಿದ್ದರು. "ಬೆಸೆಯೋ ರಾಡಿಗೆ ತೇವ ತಗುಲಿದ್ರೆ ಹೀಗಾಗುತ್ತಮ್ಮ. ಹೈಡ್ರೋಜನ್ ಬೆಸುಗೆ ಒಳಗೆ ಸೇರ್ಕೊಂಡು, ಒಂದೆರಡು ದಿನ ಸುಮ್ನಿದ್ದು ಆಮೇಲೆ ಸೀಳುತ್ತೆ. ದಪ್ಪ ಪ್ಲೇಟಿಗೇ ಜಾಸ್ತಿ." ದಪ್ಪದ್ದು ಬೆಸೆಯುವವಳು ಇವಳೊಬ್ಬಳೇ. ಬೆಸೆಯುವ ಮುಂಚೆ ಪ್ಲೇಟಿಗೆ ಕೊಡುವ ಬಿಸಿ ಅಳೆದರು — ಸರಿಯಾಗಿದೆ. ರಾಡುಗಳೂ ತೇವ ತಗುಲದಂತೆ ಬಿಸಿ ಓವನ್ನಿನಲ್ಲೇ ಇವೆ.

"ಹಾಗಾದ್ರೆ ಕೈಯದೇ ತಪ್ಪು," ಎಂದ ಮೇಸ್ತ್ರಿ.

ಹುಡುಗಿ ಊಟದ ಡಬ್ಬಿ ಮುಟ್ಟಲಿಲ್ಲ. "ದೊಡ್ಡಮ್ಮ, ನನ್ನ ಕೈ ತಪ್ಪಿಲ್ಲ." ಅಷ್ಟೇ ಹೇಳಿದ್ದು. ಸ್ವಾಮಿ, ನೀನೇ ದಾರಿ ತೋರಿಸು.

೭, ಗುರುವಾರ. ಮಧ್ಯಾಹ್ನ ೧೨

ಬರೆದೇ ತೀರಬೇಕು.

ಬೆಳಿಗ್ಗೆ ರಿಜಿಸ್ಟರ್ ತೆಗೆದು ನೋಡಿದೆ. ಬಿರುಕು ಬಿಟ್ಟ ಮೂರೂ ಊಟದ ಹೊತ್ತು ಕಳೆದ ಮೇಲೆ ಬೆಸೆದವು. ಬೆಳಗಿನದು ಒಂದೂ ಇಲ್ಲ! ಊಟದ ಹೊತ್ತಿಗೆ ಅಂಥದ್ದೇನಾಗುತ್ತದೆ? ಯೋಚಿಸುತ್ತಲೇ ಊಟದ ಡಬ್ಬಿ ತೆಗೆಯಲು ರಾಡ್ ಓವನ್ನಿನ ಬಾಗಿಲು ತೆರೆದೆ...

ಕನ್ನಡಕ ಪೂರ್ತಿ ಮಂಜಾಯಿತು.

ಹಬೆ! ನಾನೇ! ಕ್ಯಾಂಟೀನ್ ಒಲೆ ಕೆಟ್ಟಾಗಿನಿಂದ ಎಲ್ಲರ ಒಂಬತ್ತು ಡಬ್ಬಿಯನ್ನೂ ರಾಡುಗಳ ಪಕ್ಕದಲ್ಲೇ ಬಿಸಿಗೆ ಇಡುತ್ತಿದ್ದವಳು ನಾನು. ಅನ್ನ ಒಣಗದಿರಲೆಂದು ನೀರು ಚಿಮುಕಿಸಿ, ಮುಚ್ಚಳ ಸಡಿಲಿಸಿ ಬೇರೆ. ಮೂರು ವಾರದಿಂದ.

ಓಡಿಹೋಗಿ ಇನ್‌ಸ್ಪೆಕ್ಟರ್ ಸರ್‌ಗೆ ಹೇಳಿಬಿಟ್ಟೆ, ಎಲ್ಲರೆದುರಿಗೇ. ತಲೆ ತಗ್ಗಿತು. ಆದರೆ ಹುಡುಗಿಯ ಮುಖ ನೋಡಬೇಕಿತ್ತು!

"ಅಯ್ಯೋ ದೊಡ್ಡಮ್ಮ! ಬಿಸಿ ಊಟ ಇವರಿಗೆ, ಬಿಸಿ ಮುಟ್ಟಿದ್ದು ನನಗಾ?"

ಮೇಸ್ತ್ರಿ ಮೆಲ್ಲಗೆ ತನ್ನ ಡಬ್ಬಿ ಎತ್ತಿಕೊಂಡ. ಎಲ್ಲಕ್ಕಿಂತ ದೊಡ್ಡ ಡಬ್ಬಿ ಅವನದು.

೮, ಶುಕ್ರವಾರ

ಎಲ್ಲರಿಗೂ ತಣ್ಣನೆ ಊಟ. ಹೊಸ ರಾಡು, ಓವನ್ನಿಗೆ ಬೀಗ, ಕೀ ನನ್ನ ಸೆರಗಿನಲ್ಲಿ. ಬೇಕೆಂದೇ ಊಟದ ಮೇಲೆ ಬೆಸೆದಳು. "ನೋಡೇ ಬಿಡೋಣ," ಎಂದಳು. ಸೋಮವಾರದವರೆಗೆ ಕಾಯಬೇಕು.

೧೧, ಸೋಮವಾರ. ೧೦.೨೦

ಬೆಸುಗೆ ಪಕ್ಕದಲ್ಲೇ ಕೂತು ಬರೆಯುತ್ತಿದ್ದೇನೆ. ಬಿಳಿ ಹೊಡೆದಾಯಿತು.

ಕೆಂಪು ಚುಕ್ಕೆ! — ಜೀವ ಬಾಯಿಗೆ ಬಂತು. ಅಲ್ಲ, ನನ್ನ ಬೆರಳಿನ ಬಣ್ಣ ಮೆತ್ತಿದ್ದು. ಎಲ್ಲ ಒರೆಸಿ, ಮೊದಲಿನಿಂದ ಮತ್ತೆ ಮಾಡಿದೆ.

೧೧.೧೦. ಬಿಳಿ ಹೊಡೆದು ಐದು ನಿಮಿಷ. ಬಿಳಿ.

ಹತ್ತು ನಿಮಿಷ. ಆ ತುದಿಯಿಂದ ಈ ತುದಿಗೂ ಬಿಳಿ! ಮೇಸ್ತ್ರಿ ಬಗ್ಗಿ ಬಗ್ಗಿ ನೋಡಿ ಮೂಗಿಗೇ ಬಿಳಿ ಪುಡಿ ಮೆತ್ತಿಕೊಂಡಿದ್ದಾನೆ. ಹುಡುಗಿ ತಡೆಯಲಾರದೆ ನಕ್ಕಳು — ವಾರದ ಮೇಲೆ ಈಗ ನಕ್ಕಳು. ಸ್ವಾಮಿ, ನಿನ್ನ ಋಣ ಹೇಗೆ... ಇನ್‌ಸ್ಪೆಕ್ಟರ್ ಸರ್ ಕೈ ಚಾಚುತ್ತಿದ್ದಾರೆ. ಪಾಸ್ ಎಂದು ಸಹಿ ಹಾಕಲು ಪೆನ್ ಬೇಕಂತೆ, ಇದೇ ಪೆ