ಪಿಯಾನೋ ಎಲ್ಲಿ ಹೋಯ್ತು?

ನನಗೆ ಕೇಳುವುದನ್ನೂ ಜಗಳವಾಡುವುದನ್ನೂ ಒಟ್ಟಿಗೇ ಕಲಿಸಿದ ಅತ್ತಿಗೆಗೆ,

ಈ ಪತ್ರವನ್ನು ಅಣ್ಣನ ಕೈಯಲ್ಲೇ ಕಳಿಸುತ್ತಿದ್ದೇನೆ. ನೀವು ಫೋನ್ ಎತ್ತುವುದಿಲ್ಲ. ಮನೆಗೆ ಬಂದರೆ ಕಣ್ಣು ಮುಚ್ಚಿ ಮಲಗಿಬಿಡುತ್ತೀರಿ. ನಿಜವಾಗಿ ನಿದ್ದೆ ಬಂದವರು ಅಷ್ಟು ಬಿಗಿಯಾಗಿ ಕಣ್ಣು ಮುಚ್ಚುವುದಿಲ್ಲ ಅತ್ತಿಗೆ, ಕನ್ನಡಕದಂಗಡಿ ಇಟ್ಟವಳು ನಾನು, ಜನರ ಕಣ್ಣು ನೋಡಿಯೇ ಬದುಕುತ್ತಿರುವವಳು. ಭಾನುವಾರ ನಡೆದದ್ದನ್ನು ಅಣ್ಣ ಅವತ್ತು ಸಂಜೆಯೇ ನಿಮಗೆ ಹೇಳಿದನಂತೆ. ನೀವು ನಂಬಲಿಲ್ಲವಂತೆ. "ನನ್ನ ಸಮಾಧಾನಕ್ಕೆ ಕಥೆ ಕಟ್ಟಬೇಡಿ" ಅಂದಿರಂತೆ. ನಿಮ್ಮ ತಪ್ಪೇನಿಲ್ಲ. ಅವನು ಸುಳ್ಳು ಹೇಳುವಾಗ ಮೂಗು ಉಜ್ಜಿಕೊಳ್ಳುತ್ತಾನೆ ಎಂಬುದು ಮನೆಮಂದಿಗೆಲ್ಲ ಗೊತ್ತಿರುವ ಸಂಗತಿ. ಅವತ್ತು ಅವನಿಗೆ ನೆಗಡಿಯಾಗಿತ್ತು, ಅಷ್ಟೇ.

ಶನಿವಾರ ಹಳೇ ರೆಕಾರ್ಡಿನ ಅಂಗಡಿಯವನು ಬಂದು ನಿಮ್ಮ ರೆಕಾರ್ಡುಗಳನ್ನೆಲ್ಲ ಹೊತ್ತುಕೊಂಡು ಹೋಗುತ್ತಾನೆ ಎಂದು ಕೇಳಿದೆ. ರಟ್ಟಿನ ಪೆಟ್ಟಿಗೆಗಳು ಆಗಲೇ ಹಾಲಿಗೆ ಬಂದಿವೆಯಂತೆ. ಅವು ನಿಮ್ಮವು, ಏನು ಬೇಕಾದರೂ ಮಾಡಿ. ಆದರೆ ಭಾನುವಾರ ಫೋನಿನಲ್ಲಿ ಪಿಯಾನೋ ಕೇಳಿಸಲಿಲ್ಲ ಎಂಬ ಕಾರಣಕ್ಕೆ ಕೊಡುವುದಾದರೆ, ಮೊದಲು ಇದನ್ನು ಪೂರ್ತಿ ಓದಿ.

ನಾನಿನ್ನೂ ಎರಡು ಜಡೆಯ ಹುಡುಗಿಯಾಗಿದ್ದಾಗ ನೀವು ನನ್ನನ್ನು ಎರಡು ಸ್ಪೀಕರುಗಳ ನಡುವೆ ನೆಲದ ಮೇಲೆ ಮಲಗಿಸಿ, ಕಣ್ಣು ಮುಚ್ಚಿಸಿ, "ಡ್ರಮ್ಸ್ ಎಲ್ಲಿದೆ, ಬೆರಳು ತೋರ್ಸೇ" ಅನ್ನುತ್ತಿದ್ದಿರಿ. ನಾನು ತೋರಿಸುತ್ತಿದ್ದೆ. "ಸ್ಯಾಕ್ಸಫೋನ್?" ಇನ್ನೊಂದು ಬೆರಳು. "ಅವನು ನಿಂತಿದ್ದಾನೋ ಕೂತಿದ್ದಾನೋ?" ಅದು ನನಗೆ ತಿಳಿಯುತ್ತಿರಲಿಲ್ಲ. ನಿಮಗೂ ತಿಳಿಯುತ್ತಿರಲಿಲ್ಲ ಎಂದು ಈಗ ನನ್ನ ಗುಮಾನಿ. ಆದರೂ "ನಿಂತಿದ್ದಾನೆ, ಮೊಣಕಾಲು ಸ್ವಲ್ಪ ಬಗ್ಗಿಸಿದ್ದಾನೆ" ಎಂದು ಎಷ್ಟು ಧೈರ್ಯವಾಗಿ ಹೇಳುತ್ತಿದ್ದಿರಿ! ನನ್ನ ಓರಗೆಯ ಹುಡುಗಿಯರು ಕುಂಟೆಬಿಲ್ಲೆ ಆಡುತ್ತಿದ್ದಾಗ ನಾನು ಜಾಝ್ ಕೇಳಿ ಕೆಟ್ಟೆ. ಕೆಡಿಸಿದವರು ನೀವು. ಆ ಋಣ ನನ್ನ ಮೇಲಿದೆ.

ಅಂಗಡಿಯ ಮೇಲಿನ ಕೋಣೆಯಲ್ಲಿ ಭಾನುವಾರ ಮಧ್ಯಾಹ್ನ ನಾವು ಮೂವರೂ ಮೇಷ್ಟ್ರೂ ಹಲ್ಲು ಡಾಕ್ಟರೂ ಸೇರುತ್ತಿದ್ದದ್ದು ಸಂಗೀತ ಕೇಳುವುದಕ್ಕೆ ಎಂದು ಹೊರಗಿನವರು ತಿಳಿದಿದ್ದಾರೆ. ಪಾಪ. ಅಲ್ಲಿ ಅರ್ಧ ಹೊತ್ತು ನೀವು ಮತ್ತು ಅಣ್ಣ ಕಚ್ಚಾಡುವುದನ್ನು ಕೇಳುವುದೇ ಆಗುತ್ತಿತ್ತು. ಅಣ್ಣನದು ಮೋನೋ ಪಕ್ಷ: ಎಲ್ಲ ವಾದ್ಯಗಳೂ ಒಟ್ಟಿಗೆ, ಒಂದೇ ಕಡೆಯಿಂದ, ಎದೆಗೆ ಗುದ್ದಿದ ಹಾಗೆ ಬರಬೇಕು. ನಿಮ್ಮದು ಸ್ಟೀರಿಯೋ ಪಕ್ಷ: ಒಬ್ಬ ಎಡಕ್ಕೆ, ಒಬ್ಬ ಬಲಕ್ಕೆ, ನಡುವೆ ಗಾಳಿಯಾಡಬೇಕು. "ದೇವರು ಎರಡು ಕಿವಿ ಕೊಟ್ಟಿರೋದು ಯಾಕೆ ಮತ್ತೆ, ಕನ್ನಡಕ ಸಿಕ್ಕಿಸೋಕಾ?" ಎಂದು ನೀವು ಕೇಳುತ್ತಿದ್ದಿರಿ. ಹೊದಿಕೆಯ ಮೇಲೆ ಕೆಂಪು ಕುರ್ಚಿಯ ಚಿತ್ರವಿರುವ ಆ ಸಂಗೀತ ಕಛೇರಿಯ ರೆಕಾರ್ಡು ಮೇಲೋ, ಅದೇ ನಾಲ್ವರು ವಾದ್ಯದವರು ಸ್ಟುಡಿಯೋದಲ್ಲಿ ನುಡಿಸಿದ್ದು ಮೇಲೋ ಎಂಬ ವಾದವಂತೂ ಮುಗಿದೇ ಇಲ್ಲ. ಸ್ಟುಡಿಯೋದ್ದು ಇಸ್ತ್ರಿ ಹಾಕಿದ ಬಟ್ಟೆ, ಕೆಂಪು ಕುರ್ಚಿಯದು ಉಟ್ಟ ಬಟ್ಟೆ ಎಂದು ನೀವು ಅಂದದ್ದನ್ನು ಮೇಷ್ಟ್ರು ಈಗ ತಮ್ಮದೇ ಮಾತು ಎಂಬಂತೆ ಎಲ್ಲರಿಗೂ ಹೇಳುತ್ತಾರೆ.

ಆಮೇಲೆ ಆ ಜ್ವರ ಬಂತು. ಒಂದು ಬೆಳಿಗ್ಗೆ ನಿಮ್ಮ ಬಲಗಿವಿ ಹೋಯಿತು, ಮರಳಿ ಬರಲಿಲ್ಲ. ನೀವು ಭಾನುವಾರ ಬರುವುದನ್ನು ನಿಲ್ಲಿಸಿದಿರಿ. "ಅರ್ಧ ಕಿವಿ ಇಟ್ಕೊಂಡು ನಿಮ್ಮ ಮಧ್ಯೆ ಏನಂತ ಕೂರಲಿ" ಅಂದಿರಿ. ಅವತ್ತು ನನಗೆ ಉತ್ತರ ಹೊಳೆಯಲಿಲ್ಲ. ಈಗ ಹೊಳೆದಿದೆ, ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ನೀವಿಲ್ಲದ ಹೊತ್ತಿನಲ್ಲಿ ಹಲ್ಲು ಡಾಕ್ಟರು ಬಲಗಡೆಯ ಸ್ಪೀಕರನ್ನು ಗೋಡೆಯಿಂದ ಎರಡು ಬೆರಳು ಮುಂದಕ್ಕೆ ಎಳೆದರು. "ಶಬ್ದಕ್ಕೆ ಉಸಿರಾಡೋಕೆ ಜಾಗ ಬೇಕು ಕಣ್ರೀ" ಅಂದರು. ಹಲ್ಲಾದರೆ ಎಳೆಯುವಾಗ ನೋವಾಗುತ್ತಾ ಎಂದು ಕೇಳುತ್ತಾರೆ, ಸ್ಪೀಕರನ್ನು ಕೇಳಲಿಲ್ಲ. ಹಿಂದಿನ ತಂತಿ ಕಳಚಿ ಬಿತ್ತು. ಯಾರೂ ನೋಡಲಿಲ್ಲ. ನೀವಿಲ್ಲದ ಮೇಲೆ ಓಡುತ್ತಿದ್ದದ್ದು ಅಣ್ಣನ ಹಳೆಯ ಮೋನೋ ರೆಕಾರ್ಡುಗಳೇ; ಅವುಗಳಲ್ಲಿ ಎರಡೂ ಸ್ಪೀಕರಿನಿಂದ ಬರುವುದು ಒಂದೇ ಆದ್ದರಿಂದ ಒಂದು ಸತ್ತರೂ ಇನ್ನೊಂದು ಸಂಸಾರ ತೂಗಿಸಿಕೊಂಡು ಹೋಯಿತು. ಡಾಕ್ಟರು ಮಾತ್ರ ಪ್ರತಿ ಭಾನುವಾರವೂ "ಎಳೆದ ಮೇಲೆ ಎಷ್ಟು ಆಳ ಬಂತು ನೋಡಿ" ಅನ್ನುತ್ತಿದ್ದರು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಎಂಬಂತೆ ನಾವೂ ತಲೆಯಾಡಿಸಿದೆವು.

ಈ ನಡುವೆ ನಾನು ಕೆಂಪು ಕುರ್ಚಿಯ ರೆಕಾರ್ಡಿನ ಹೊಸ ಅಚ್ಚು ಕೊಂಡೆ. ದಪ್ಪ ತಟ್ಟೆ, ಸ್ಟೀರಿಯೋ, ಕೈಯಲ್ಲಿ ಹಿಡಿದರೇ ಗೌರವ ಬರುವಂಥದ್ದು. ಹೋದ ಭಾನುವಾರ ಹಳೆಯ ಮೋನೋ ಅಚ್ಚನ್ನು ಅಣ್ಣ ತಂದ. ಒಂದಾದ ಮೇಲೆ ಒಂದು ಹಾಕಿ ಹೋಲಿಸಿದೆವು. ಹೊಸದರಲ್ಲಿ ಸ್ಯಾಕ್ಸಫೋನು ಎಡಗಡೆ, ಪಿಯಾನೋ ಬಲಗಡೆ. ಅಂದರೆ ಪಿಯಾನೋ ಇದ್ದದ್ದು ಸತ್ತ ಸ್ಪೀಕರಿನಲ್ಲಿ. ನಮಗೆ ಕೇಳಿಸಿದ್ದು ಪಕ್ಕದ ಮನೆಯಲ್ಲಿ ಯಾರೋ ನುಡಿಸುತ್ತಿರುವಂಥ ಸಣ್ಣ ಸದ್ದು. ಯಾರಾದರೂ ಎದ್ದು ನೋಡಬೇಕಾಗಿತ್ತಲ್ಲವೇ? ಇಲ್ಲ. ಮೇಷ್ಟ್ರು ಕಣ್ಣು ಮುಚ್ಚಿ ಹೇಳಿದರು: "ಆಹಾ, ಸಂಯಮ! ಈ ಅಚ್ಚು ಮಾಡಿದವನಿಗೆ ಸಂಯಮ ಅಂದ್ರೇನು ಅಂತ ಗೊತ್ತು. ಪಿಯಾನೋ ಇದೆ, ಆದರೆ ಇಲ್ಲ." ಅಣ್ಣ ಸಿಡಿದ: "ಸಂಯಮ ಅಲ್ಲ ಮೇಷ್ಟ್ರೇ, ಕೊಲೆ! ನಿಮ್ಮ ಸ್ಟೀರಿಯೋ ಹಣೆಬರಹವೇ ಇಷ್ಟು." ತಾವು ಹಿಡಿದ ಮೊಲಕ್ಕೆ ಮೂರೇ ಕಾಲು ಎಂದು ಇಬ್ಬರೂ ಕೂತುಬಿಟ್ಟರು. ನಾನೂ ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದೆ.

ಆಗ ನಿಮ್ಮ ನೆನಪು ಬಂದು ಫೋನ್ ಮಾಡಿದೆ. ಹೊಸ ಅಚ್ಚಿನ ಎರಡನೇ ಮಗ್ಗುಲನ್ನು ಮೊದಲಿನಿಂದ ಹಾಕಿ ಫೋನನ್ನು ಕೋಣೆಯ ನಡುವೆ ಹಿಡಿದೆ. ನೀವು ಸ್ವಲ್ಪ ಹೊತ್ತು ಕೇಳಿ, "ಪಿಯಾನೋ ಎಲ್ಲಿ ಹೋಯ್ತು?" ಅಂದಿರಿ. ನಾನು ಬಾಯಿ ಬಿಡುವ ಮೊದಲೇ "ಬಿಡು, ಇದ್ದೊಂದು ಕಿವೀನೂ ಹೋದ ಹಾಗಿದೆ" ಎಂದು ಇಟ್ಟುಬಿಟ್ಟಿರಿ. ನಿಮಗೆ ಗೊತ್ತಿರುವುದು ಅಲ್ಲಿಯವರೆಗೆ.

ನಿಮ್ಮ ಪ್ರಶ್ನೆಯನ್ನು ಹೇಳಿದಾಗ ಮೇಷ್ಟ್ರು "ಪಾಪ, ಒಂದೇ ಕಿವಿ ಅಲ್ವಾ" ಅಂದರು. ನನಗೆ ಉರಿದುಹೋಯಿತು. ಎದ್ದು ಹೋಗಿ ಬಲಗಡೆಯ ಸ್ಪೀಕರಿಗೆ ಕಿವಿ ಇಟ್ಟೆ. ಉಸಿರೇ ಇಲ್ಲ! ಹಿಂದೆ ಬಗ್ಗಿ ನೋಡಿದರೆ ತಂತಿ ನೆಲದ ಮೇಲೆ ಆರಾಮವಾಗಿ ಮಲಗಿದೆ. ಅಣ್ಣ ಬಂದು ಅದನ್ನು ಸಿಕ್ಕಿಸಿದ. ಸೂಜಿ ಇನ್ನೂ ಓಡುತ್ತಲೇ ಇತ್ತು. ಪಿಯಾನೋ ಕೋಣೆಯೊಳಗೆ ನುಗ್ಗಿತು ಅತ್ತಿಗೆ! ಸ್ಯಾಕ್ಸಫೋನಿನವನು ಸುಮ್ಮನಾಗಿ, ಪಿಯಾನೋದವನು ಮೊದಲು ಎಡವಿದಂತೆ ಮಾಡಿ ಆಮೇಲೆ ಕೇಕೆ ಹಾಕಿಕೊಂಡು ಮೆಟ್ಟಿಲು ಹತ್ತುತ್ತಾನಲ್ಲ, ಸರಿಯಾಗಿ ಅದೇ ಜಾಗ. ಡಾಕ್ಟರು ಬೆಚ್ಚಿ ಎದ್ದು ನಿಂತರು. ಮೇಷ್ಟ್ರ ಮುಖ ನೀವು ನೋಡಬೇಕಿತ್ತು. ಮೊದಲು ಅಣ್ಣ ನಕ್ಕ, ಆಮೇಲೆ ನಾವೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಆಮೇಲೆ ಟೀಗೆ ಸಕ್ಕರೆ ಹಾಕುವುದು ಮರೆತುಹೋದಾಗ ಅಣ್ಣ "ಸಕ್ಕರೆ ಸಂಯಮದಿಂದಿದೆ" ಅಂದ. ಮೇಷ್ಟ್ರು ಸಿಟ್ಟಾದರು, ಆದರೂ ಕುಡಿದರು.

ಇದು ಕಟ್ಟುಕಥೆಯಲ್ಲ. ಬೇಕಾದರೆ ಡಾಕ್ಟರನ್ನು ಕೇಳಿ. ಅವರಂತೂ ತಲೆ ತಗ್ಗಿಸಿಕೊಂಡು ಸ್ಪೀಕರನ್ನು ಎರಡು ಬೆರಳು ಹಿಂದಕ್ಕೆ ತಳ್ಳಿ ಹೋಗಿದ್ದಾರೆ.

ನಿಮಗೆ ಸಕ್ಕರೆ ಸವರಿದ ಮಾತು ಹಿಡಿಸುವುದಿಲ್ಲ, ಆದ್ದರಿಂದ ಇನ್ನೊಂದನ್ನೂ ಹೇಳುತ್ತೇನೆ. ಮರುದಿನ ಅಂಗಡಿ ತೆರೆಯುವ ಮೊದಲು ಬಲಗಿವಿಗೆ ಹತ್ತಿ ತುರುಕಿಕೊಂಡು ಅದೇ ರೆಕಾರ್ಡು ಕೇಳಿದೆ. ಬೆರಳು ತೋರಿಸಲು ಆಗಲಿಲ್ಲ. ಯಾರು ಎಡಕ್ಕೆ, ಯಾರು ಬಲಕ್ಕೆ ಎಂಬುದು ಕಲಸಿಹೋಯಿತು. ಅದು ನಷ್ಟವೇ, ಇಲ್ಲ ಅನ್ನುವುದಿಲ್ಲ. ನನ್ನ ಹತ್ತಿಯನ್ನು ನಾನು ತೆಗೆಯಬಹುದು, ನೀವು ತೆಗೆಯಲಾರಿರಿ ಎಂಬುದು ನೆನಪಾಗಿ ಅಲ್ಲೇ ಕೂತು ಅತ್ತೆ. ಆದರೆ ಅತ್ತಿಗೆ, ನುಡಿಸುವ ನಾಲ್ವರೂ ಇದ್ದರು. ಒಬ್ಬರೂ ತಪ್ಪಿಸಿಕೊಂಡಿರಲಿಲ್ಲ. ಎಂಟು ಕಿವಿಗಳು ಕೋಣೆಯಲ್ಲಿ ಕೂತು ಅರ್ಧ ಸಂಗೀತಕ್ಕೆ ಭೇಷ್ ಅನ್ನುತ್ತಿದ್ದಾಗ, ಊರಿನ ಇನ್ನೊಂದು ಮೂಲೆಯಲ್ಲಿ, ಅದೂ ಫೋನಿನಲ್ಲಿ, ಇಲ್ಲದ ಪಿಯಾನೋ ಇಲ್ಲ ಎಂದು ಕಂಡುಹಿಡಿದದ್ದು ನೀವೊಬ್ಬರೇ. ನೀವು ನಮ್ಮ ನಡುವೆ ಕೂತಿದ್ದರೆ ನಮಗೆ ಇಷ್ಟು ಮಾನ ಹೋಗುತ್ತಿರಲಿಲ್ಲ. ನೀವು ಬೇಕು. ಕರುಣೆಯಿಂದ ಕರೆಯುತ್ತಿಲ್ಲ, ಗತಿಯಿಲ್ಲದೆ ಕರೆಯುತ್ತಿದ್ದೇವೆ. ನೀವೆಂದರೆ ನನಗೆ ಪ್ರಾಣ, ಅದನ್ನು ಬಾಯಿಬಿಟ್ಟು ಹೇಳಿದ್ದಿಲ್ಲ, ಇಲ್ಲಿ ಬರೆದಿದ್ದೇನೆ.

ಈ ಪತ್ರದ ಜೊತೆ ಆ ಹೊಸ ಅಚ್ಚನ್ನೇ ಕಳಿಸಿದ್ದೇನೆ. ಶನಿವಾರ ಅಂಗಡಿಯವನು ಬರುವ ಮೊದಲು ಎರಡನೇ ಮಗ್ಗುಲು ಹಾಕಿ. ನಿಮ್ಮ ಮನೆಯ ಎರಡೂ ಸ್ಪೀಕರುಗಳ ತಂತಿಗಳನ್ನು ಅಣ್ಣ ನೋಡಿದ್ದಾನೆ, ನಾಲ್ಕೂ ಗಟ್ಟಿಯಾಗಿವೆ. ಪಿಯಾನೋ ಕೇಳಿಸದಿದ್ದರೆ ಎಲ್ಲ ರೆಕಾರ್ಡುಗಳನ್ನೂ ಅವನಿಗೆ ಕೊಟ್ಟುಬಿಡಿ, ನಾನು ತುಟಿ ಪಿಟಕ್ಕೆನ್ನುವುದಿಲ್ಲ. ಕೇಳಿಸಿದರೆ ಮಾತ್ರ ಬಾಗಿಲು ತೆಗೆಯಬೇಡಿ. ಅವನು ಎಷ್ಟು ಬೆಲ್ ಮಾಡಿದರೂ ಸುಮ್ಮನೆ ಕೂತು ರೆಕಾರ್ಡು ಮುಗಿಸಿ. ಈ ಅಮ್ಮನಿಗೆ ಕಿವಿ ಕೇಳಿಸುವುದಿಲ್ಲ ಎಂದುಕೊಂಡು ಹೋಗುತ್ತಾನೆ.

ನಿಮ್ಮ ಮನೆಯಲ್ಲಿ ಸೂಜಿ ಸದಾ ಓಡುತ್ತಿರಲಿ, ಜಗಳ ಎಂದೂ ಮುಗಿಯದಿರಲಿ.

ಭಾನುವಾರಕ್ಕೆ ಕಾದಿರುವ,
ನಿಮ್ಮ ನಾದಿನಿ