ಮೊಸರು ಮಾರುವ ರಾಣಿಯನ್ನು ಅತ್ತೆ ಮತ್ತೆ ನೋಡಿದ್ದು

ಬೂಕನಕೆರೆ
21-11-1995, ಮಂಗಳವಾರ

ಪ್ರೀತಿಯ ನಿಮಗೆ,

ಈ ಸಲವಾದರೂ ನಿಮ್ಮ ಹೆಸರು ಬರೆಯೋಣ ಅಂತ ಪೆನ್ನು ಹಿಡಿದೆ, ಆಗಲಿಲ್ಲ. ನಗಬೇಡಿ. ಕೆಮ್ಮು ಹೇಗಿದೆ? ಸುರಂಗ ಕೊರೆಯುವಾಗ ಮೂಗಿಗೆ ಬಟ್ಟೆ ಕಟ್ಟಿಕೊಳ್ಳುತ್ತಿದ್ದೀರೋ ಇಲ್ಲವೋ? ರೈಲು ಬರುವುದು ಯಾವತ್ತೋ, ಅಷ್ಟರೊಳಗೆ ಕೊಂಕಣದ ದೂಳನ್ನೆಲ್ಲ ನೀವೇ ಕುಡಿದು ಮುಗಿಸಬೇಡಿ. ಕಳಿಸಿದ ಮೆಣಸಿನ ಕಷಾಯದ ಪುಡಿಯನ್ನು ಪಕ್ಕದ ರೂಮಿನವರಿಗೆ ದಾನ ಮಾಡಿದ್ದೀರಿ ಅಂತ ನನಗೆ ಅನುಮಾನ. ಇಲ್ಲಿ ಎಲ್ಲರೂ ಕ್ಷೇಮ. ಕೆಂಚಿ ಹೆಣ್ಣು ಕರು ಹಾಕಿದೆ, ಹಣೆಯ ಮೇಲೆ ಬಿಳಿ ಬೊಟ್ಟು. ಗದ್ದೆ ಕುಯ್ಲಿಗೆ ಬಂದಿದೆ. ಮಾವ ಬೆಳಿಗ್ಗೆ ಎದ್ದರೆ ಬದುವಿನ ಮೇಲೆಯೇ ಇರುತ್ತಾರೆ.

ಈಗ ದೊಡ್ಡ ಸುದ್ದಿ. ಕೂತುಕೊಂಡು ಓದಿ. ಅತ್ತೆಯ ಬಲಗಣ್ಣಿನ ಪೊರೆ ತೆಗೆಸಿದ್ದಾಯಿತು. ಆಪರೇಷನ್ ಚೆನ್ನಾಗಿ ಆಗಿದೆ, ಕಣ್ಣು ಕಾಣುತ್ತಿದೆ. ಇಷ್ಟು ದಿನ ಬರೆಯದೆ ಇದ್ದದ್ದಕ್ಕೆ ಬಯ್ಯಬೇಡಿ. 'ಎಲ್ಲ ಸರೋಗೋ ತನಕ ಅವನ್ಗೆ ಬರೀಬ್ಯಾಡ ಕಣವ್ವ, ಬೆಟ್ಟದೊಳ್ಗೆ ನಂದೇ ಯೋಚ್ನೆ ಮಾಡ್ಕಂಡು ನಿಂತ್ಬುಡ್ತಾನೆ' ಅಂತ ಅತ್ತೆಯೇ ನನ್ನ ಕೈ ಕಟ್ಟಿಹಾಕಿದ್ದರು. ಗೌರಿ ಹಬ್ಬಕ್ಕೆ ಬಂದಾಗ ನೀವು ಅಷ್ಟು ಹೇಳಿದಿರಲ್ಲ, ಅರ್ಧ ಮಾತಿಗೇ ಹಾಲಿನ ಪಾತ್ರೆ ಎತ್ತಿಕೊಂಡು ಎದ್ದು ಹೋದವರು ಈಗ ಹೇಗೆ ಒಪ್ಪಿದರು ಅಂತ ಕೇಳುತ್ತೀರಿ. ಅವರನ್ನು ಒಪ್ಪಿಸಿದ್ದು ನಾನಲ್ಲ, ಮಾವನೂ ಅಲ್ಲ. ಒಂದು ಹಳೇ ಸಿನಿಮಾ.

ನನ್ನ ಸಿನಿಮಾ ಹುಚ್ಚು ನಿಮಗೆ ಗೊತ್ತು. ನಮ್ಮಪ್ಪ ಕುರಿ ಮಾರಲು ಬಿಂಡಿಗನವಿಲೆಯಿಂದ ನಾಗಮಂಗಲಕ್ಕೆ ಹೋದಾಗಲೆಲ್ಲ ನನ್ನನ್ನೂ ಕರೆದುಕೊಂಡು ಹೋಗಿ ಟೆಂಟಿನಲ್ಲಿ ನೆಲದ ಮೇಲೆ ಕೂರಿಸುತ್ತಿದ್ದರು. ಅವರಿಗೆ ಬೇಕಾದದ್ದು ಹಳೇ ಕಪ್ಪು ಬಿಳುಪಿನ ಚಿತ್ರಗಳೇ. ಬಣ್ಣದ ಸಿನಿಮಾದಲ್ಲಿ ಬಣ್ಣ ನೋಡ್ತಾ ಕತೆ ಮರೆತುಹೋಗುತ್ತೆ ಅನ್ನುತ್ತಿದ್ದರು. ನಾನು ಹುಟ್ಟುವ ಮುಂಚೆ ಬಂದುಹೋದ ಚಿತ್ರಗಳನ್ನು ದಾರಿಯುದ್ದಕ್ಕೂ ಹೇಳುತ್ತಾ ಬರುತ್ತಿದ್ದರು. ಖಳನಾಯಕ ಬಂದಾಗ ದನಿ ಬದಲಾಗುತ್ತಿತ್ತು, ಕುದುರೆ ಓಡುವಾಗ ನಾಲಿಗೆಯಲ್ಲಿ ಟಕಟಕ ಸದ್ದು. ನನಗೂ ಅದೇ ಚಟ ಅಂಟಿತು. ಮದುವೆಯಾಗಿ ಬಂದ ಹೊಸದರಲ್ಲಿ ಅತ್ತೆ ನನ್ನನ್ನು ಬೀದಿಯವರ ಮುಂದೆ 'ನಮ್ ಸಿನ್ಮಾ ಸೊಸೆ' ಅನ್ನುತ್ತಿದ್ದರು. ಭಾನುವಾರ ಸಂಜೆ ಟಿವಿಯಲ್ಲಿ ಸಿನಿಮಾ ಶುರುವಾಗಿ ಅಕ್ಕಪಕ್ಕದವರೆಲ್ಲ ನಡುಮನೆಯಲ್ಲಿ ತುಂಬಿಕೊಂಡರೆ, ಅವರೊಬ್ಬರು ಟಿವಿಗೆ ಬೆನ್ನು ಹಾಕಿ ಬತ್ತಿ ಹೊಸೆಯುತ್ತಾ ಕೂರುತ್ತಿದ್ದರು. ಸಿನಿಮಾ ಕಂಡರೆ ಆಗದು, ಸಿನಿಮಾ ನೋಡುವ ನನ್ನನ್ನು ಕಂಡರೂ ಆಗದು ಅಂತಲೇ ತಿಳಿದಿದ್ದೆ. ನಿಮಗೆ ಹೇಳಿರಲಿಲ್ಲ, ಎಷ್ಟೋ ಸಲ ಅಡುಗೆಮನೆಯಲ್ಲಿ ಅತ್ತಿದ್ದೇನೆ.

ನೀವು ಹಬ್ಬ ಮುಗಿಸಿ ಹೊರಟ ಮೇಲೆ ಒಂದು ಮಧ್ಯಾಹ್ನ ಇಬ್ಬರೂ ಜಗಲಿಯಲ್ಲಿ ಕೂತು ಅಲಸಂದೆ ಕಾಯಿ ಸುಲಿಯುತ್ತಿದ್ದೆವು. ಸುಮ್ಮನೆ ಕೂರಲಾರದೆ, ಅಪ್ಪ ಹೇಳುತ್ತಿದ್ದ ಮೊಸರು ಮಾರುವ ರಾಣಿಯ ಕತೆ ತೆಗೆದೆ. ನಿಮಗೆ ಅದು ಗೊತ್ತಿಲ್ಲದಿದ್ದರೆ ಹೇಳಿಬಿಡುತ್ತೇನೆ. ಸವತಿಯ ಚಾಡಿ ಕೇಳಿ ರಾಜ ತನ್ನ ಹಿರಿಯ ರಾಣಿಯನ್ನು ಕಾಡಿಗೆ ಅಟ್ಟುತ್ತಾನೆ. ಗೊಲ್ಲರ ಹಟ್ಟಿಯಲ್ಲಿ ಅವಳು ಮಗನನ್ನು ಹೆತ್ತು, ಅದೇ ಅರಮನೆಯ ಬಾಗಿಲಿಗೆ ಬಂದು ಮೊಸರು ಮಾರುತ್ತಾಳೆ. ಒಂದು ದಿನ ರಾಜ ಆ ಮೊಸರು ಬಾಯಿಗಿಟ್ಟವನೇ ತುತ್ತು ನುಂಗಲಾರದೆ ಕಣ್ಣೀರು ಹಾಕುತ್ತಾನೆ. ಅದು ಅವಳ ಕೈಯ ಹದ. ನಾನು ಅಲ್ಲಿಗೆ ಬಂದು, ರಾಣಿ ಓಡಿಬಂದು ರಾಜನ ಕಾಲಿಗೆ ಬಿದ್ದಳು ಅಂದೆನಷ್ಟೇ, ಅತ್ತೆ ಕೈಯಲ್ಲಿದ್ದ ಕಾಯಿಯನ್ನು ಮೊರಕ್ಕೆ ಎಸೆದರು.

'ಅಂಗಲ್ಲ ಕಣವ್ವ! ಅವ್ಳ್ಯಾಕೆ ಬಿದ್ದಾಳು ಕಾಲ್ಗೆ? ಮಡಕೆ ಕೆಳಕ್ಕಿಳ್ಸಿ, ಮೊಸ್ರಿನ್ ಕಾಸ್ ಕೊಡಿ ಸ್ವಾಮಿ, ಹಟ್ಟೀಲಿ ಮಗ ಕಾಯ್ತಾ ಅವ್ನೆ, ಅಂದ್ಳು. ಅಷ್ಟೇಯ. ಟೆಂಟ್ನಲ್ಲಿ ಒಬ್ರೂ ಉಸ್ರು ಬುಡ್ಲಿಲ್ಲ.'

ನಾನು ಬಾಯಿ ಬಿಟ್ಟುಕೊಂಡು ನೋಡಿದೆ. ಆಮೇಲೆ ಗೊತ್ತಾಯಿತು, ಮದುವೆಯಾದ ವರ್ಷವೇ ಅತ್ತೆ ಮಾವ ಗಾಡಿ ಕಟ್ಟಿಕೊಂಡು ಕೆ.ಆರ್. ಪೇಟೆಯ ಟೆಂಟಿಗೆ ಹೋಗಿ ಆ ಚಿತ್ರ ನೋಡಿದ್ದರಂತೆ. ಮುಂದಿನ ವಾರ ಅತ್ತೆ ಹಟ ಮಾಡಿ ಮಾವನನ್ನು ಮತ್ತೆ ಕರೆದುಕೊಂಡು ಹೋಗಿದ್ದರಂತೆ. ಆವತ್ತು ಸಂಜೆಯವರೆಗೂ ರಾಣಿಯ ಮಾತುಗಳನ್ನು ಒಂದೂ ಬಿಡದೆ ಒಪ್ಪಿಸಿದರು. ಮೊಸರು ಮಾರುವಾಗ ಅವಳು ಉಟ್ಟಿದ್ದು ಗಿಳಿ ಹಸಿರು ಸೀರೆ ಅಂದಾಗ, ಗದ್ದೆಯಿಂದ ಬಂದು ಕಾಲು ತೊಳೆಯುತ್ತಿದ್ದ ಮಾವ ಅಲ್ಲಿಂದಲೇ, 'ಲೇ, ಅದು ಕೆಂಪು ಸೀರೆ ಕಣೇ' ಅಂದರು. 'ನಿಮ್ಗೇನ್ ಗೊತ್ತು, ನೀವು ಅರ್ಧಕ್ಕೇ ಗೊರ್ಕೆ ಒಡೀತಿದ್ರಿ' ಅಂತ ಇವರು. ಕಪ್ಪು ಬಿಳುಪಿನ ಚಿತ್ರದ ಸೀರೆಗೆ ಇಬ್ಬರೂ ಊಟದ ಹೊತ್ತಿನವರೆಗೂ ಜಗಳ ಆಡಿದರು. ನಾನು ನಕ್ಕು ನಕ್ಕು ಸಾರಿಗೆ ಉಪ್ಪು ಹಾಕುವುದನ್ನೇ ಮರೆತೆ. ಆ ದಿನದಿಂದ ನಮ್ಮಿಬ್ಬರ ನಡುವೆ ಬಿಗಿ ಸಡಿಲವಾಯಿತು. ದಿನಾ ಒಂದು ಚಿತ್ರ ನಾನು ಹೇಳುವುದು, ಒಂದು ಅವರು ಹೇಳುವುದು. ಕಸ ಗುಡಿಸುವಾಗ ಅವರು ಗುನುಗುವ ಹಾಡಿಗೆ ನಾನು ಒಳಗಿನಿಂದ ಮುಂದಿನ ಸಾಲು ಸೇರಿಸುತ್ತಿದ್ದೆ.

ಆಮೇಲೆ ಒಂದು ಶನಿವಾರ ಪೇಪರಿನಲ್ಲಿ ನೋಡುತ್ತೇನೆ, ಮರುದಿನ ಟಿವಿಯಲ್ಲಿ ಅದೇ ಚಿತ್ರ! ಹೇಳಿದಾಗ ಅತ್ತೆ ಖುಷಿಪಡಲಿಲ್ಲ, ಪೊರಕೆ ಹಿಡಿದು ಅಂಗಳಕ್ಕೆ ಹೋದರು. ಭಾನುವಾರ ನಾನೇ ಬಲವಂತ ಮಾಡಿ ಮುಂದೆ ಚಾಪೆ ಹಾಸಿ ಕೂರಿಸಿದೆ. ಅವರು ಟಿವಿಯ ಹತ್ತಿರಕ್ಕೆ ಸರಿದರು, ಇನ್ನೂ ಸರಿದರು, ಮೂಗು ಗಾಜಿಗೆ ತಾಗುವಷ್ಟು. ಹಿಂದಿನಿಂದ ಮಕ್ಕಳು ಮರೆಯಾಗ್ತದೆ ಅಂತ ಕೂಗಿದವು. ಅತ್ತೆ ಎದ್ದು ಕೊಟ್ಟಿಗೆಗೆ ಹೋದರು. ನಾನು ಹಿಂದೆಯೇ ಹೋದರೆ, ಕೆಂಚಿಯ ಕೊರಳು ತಬ್ಬಿಕೊಂಡು ನಿಂತಿದ್ದಾರೆ. 'ಮಾತೆಲ್ಲ ಕೇಳ್ತದೆ ಕಣವ್ವ. ಮೊಕ ಮಾತ್ರ ಬರೀ ಬೂದಿ. ಅವ್ಳ್ಯಾರು ಇವ್ಳ್ಯಾರು ಒಂದೂ ತಿಳ್ಯಾಕಿಲ್ಲ' ಅಂದರು. ಟಿವಿಗೆ ಬೆನ್ನು ಹಾಕಿ ಕೂರುತ್ತಿದ್ದುದು ಯಾಕೆ ಅಂತ ನನಗೆ ಆಗ ಅರ್ಥವಾಯಿತು. ನಾನು ಏನೂ ಬುದ್ಧಿ ಹೇಳಲಿಲ್ಲ. ಕೈ ಹಿಡಿದು ಒಳಗೆ ಕರೆತಂದು ಪಕ್ಕದಲ್ಲಿ ಕೂರಿಸಿಕೊಂಡೆ. ಈಗ ರಾಣಿ ತಲೆಯೆತ್ತಿದಳು, ಈಗ ಮಡಕೆ ಇಳಿಸಿದಳು, ಈಗ ರಾಜನ ತುಟಿ ನಡುಗಿತು ಅಂತ ಕೊನೆಯವರೆಗೂ ಕಿವಿಯಲ್ಲಿ ಹೇಳಿದೆ. ಅವರು ನನ್ನ ಮಣಿಕಟ್ಟು ಬಿಡಲೇ ಇಲ್ಲ.

ಮಾರನೆಯ ದಿನ ಹಾಲು ಕರೆಯುತ್ತಾ, 'ಆ ಸಿನ್ಮಾ ಇನ್ನೊಂದ್ಸಲ ಯಾವಾಗ್ ಆಕ್ತಾರವ್ವ?' ಅಂದರು. ಟಿವಿಯಲ್ಲಿ ಯಾವಾಗಲೋ, ಆದರೆ ಶ್ರೀರಂಗಪಟ್ಟಣದ ಕ್ಯಾಸೆಟ್ ಅಂಗಡಿಯಲ್ಲಿ ಹಳೇ ಚಿತ್ರಗಳು ಬಾಡಿಗೆಗೆ ಸಿಗುತ್ತವೆ ಅಂದೆ. ಅವರು ಚೊಂಬು ಕೆಳಗಿಟ್ಟು ನನ್ನ ಕಡೆ ತಿರುಗಿದರು. ಆಮೇಲೆ, 'ಅಂಗಾರೆ ಒಂದ್ ಕಣ್ಣು ಮಾಡುಸ್ಕತೀನಿ. ಒಂದೇಯ. ಓದ್ರೂ ಇನ್ನೊಂದ್ ಇರ್ತದೆ' ಅಂದರು. ಪೊರೆ ತೆಗೆಸಲು ಹೋಗಿ ಅವರಕ್ಕ ಕುಳ್ಳಮ್ಮ ದೊಡ್ಡಮ್ಮನ ಒಂದು ಕಣ್ಣು ಹೋದದ್ದು ಅವರ ಮನಸ್ಸಿನಲ್ಲಿ ಮುಳ್ಳಿನಂತೆ ಕೂತಿತ್ತು. ಮಾವ ಪಾಂಡವಪುರಕ್ಕೆ ಹೇಳಿಕಳಿಸಿದರೆ ದೊಡ್ಡಮ್ಮನೇ ಬಸ್ಸು ಹತ್ತಿ ಬಂದುಬಿಟ್ಟರು. ಬಂದವರೇ ತಂಗಿಯ ಎದುರು ನಿಂತು, 'ನನ್ ಕಣ್ಣು ಕಿತ್ತಿದ್ದು ಊರೂರು ತಿರ್ಗೋ ಕಳ್ ವೈದ್ಯ ಕಣೇ ಸೋಮಿ, ಡಾಕುಟ್ರಲ್ಲ. ನಾನು ಜೊತೇಲಿ ಬತ್ತೀನಿ ನಡಿ' ಅಂದರು. ದಸರೆ ಮುಗಿದ ಮೇಲೆ ಮೈಸೂರಿಗೆ ಹೋದೆವು.

ಆಪರೇಷನ್ ಕೋಣೆಯ ಬಾಗಿಲಲ್ಲಿ ಕಾಯುವಾಗ ನನ್ನ ತಲೆಯಲ್ಲಿ ಒಂದೇ ಮಾತು. ಏನಾದರೂ ಹೆಚ್ಚುಕಡಿಮೆಯಾದರೆ ಎಲ್ಲರೂ ಸಿನಿಮಾ ಸೊಸೆಯ ಕಡೆಗೇ ಬೆರಳು ತೋರಿಸುತ್ತಾರೆ. ನಿಮಗೆ ನಾನು ಏನಂತ ಬರೆಯಲಿ? ಮಾವ ಕಂಬಕ್ಕೆ ಒರಗಿ ಟವೆಲ್ಲಿನ ಅಂಚು ಬಿಚ್ಚುತ್ತಿದ್ದರು. ಕೊನೆಗೆ ನರ್ಸು ಹೊರಗೆ ಬಂದು, 'ಯಾರಮ್ಮಾ ಇವ್ರ ಕಡೆಯವ್ರು? ಇವ್ರು ನಾಟಕದ ಪಾರ್ಟ್ ಮಾಡೋರಾ?' ಅಂತ ಕೇಳಿದರು. ಭಯ ತಡೆಯಲಾರದೆ ಅತ್ತೆ ಮಲಗಿದಲ್ಲಿಂದಲೇ ರಾಣಿಯ ಮಾತೆಲ್ಲ ಹೇಳುತ್ತಿದ್ದರಂತೆ. ಡಾಕ್ಟರು ಹೊಲಿಗೆ ಮುಗಿಸಿ, 'ಆಮೇಲೆ ರಾಜ ಏನಂದನಮ್ಮ?' ಅಂತ ಕೇಳಿದರಂತೆ. ಮಾವ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ನಕ್ಕರು, ನಗುತ್ತಲೇ ಕಣ್ಣೊರೆಸಿಕೊಂಡರು.

ಒಲೆಯ ಹೊಗೆಗೆ ಬರಬಾರದು, ಬಗ್ಗಬಾರದು ಅಂದದ್ದನ್ನೆಲ್ಲ ಗೊಣಗುತ್ತಲೇ ಪಾಲಿಸಿದರು. ಮೊನ್ನೆ ಭಾನುವಾರ ಮಾವ ಕ್ಯಾಸೆಟ್ಟನ್ನೂ ವಿಸಿಪಿಯನ್ನೂ ಬಾಡಿಗೆಗೆ ತಂದರು. ಕುಳ್ಳಮ್ಮ ದೊಡ್ಡಮ್ಮನೂ ಬಂದಿದ್ದರು. ಅತ್ತೆ ಹೊಸ ದಪ್ಪ ಕನ್ನಡಕ ಹಾಕಿಕೊಂಡು ಗೋಡೆಗೆ ಒರಗಿ, ದೂರದಲ್ಲಿ, ಎಲ್ಲರ ಹಿಂದೆ ಕೂತರು. ರಾಣಿ ತೆರೆಯ ಮೇಲೆ ಬಂದಳು. ಅತ್ತೆ ಕನ್ನಡಕವನ್ನು ಸೆರಗಿನಿಂದ ಒರೆಸಿ ಮತ್ತೆ ಹಾಕಿಕೊಂಡರು. ಆಮೇಲೆ ಮೆಲ್ಲಗೆ, 'ಅಯ್ಯೋ, ಎಳೇ ಮಗ ಕಣವ್ವ ಇವ್ಳು! ನಾನು ನೋಡ್ದಾಗ ಎಷ್ಟ್ ದೊಡ್ಡೋಳು ಅನ್ಕಂಡಿದ್ದೆ. ಇಷ್ಟ್ ಚಿಕ್ಕೋಳ್ನ ಕಾಡ್ಗೆ ಅಟ್ಟುದ್ರಾ?' ಅಂದರು. ಮೊಸರಿನ ಕಾಸು ಕೇಳುವ ಹೊತ್ತಿಗೆ ಅಕ್ಕತಂಗಿಯರಿಬ್ಬರೂ ಸೆರಗು ಬಾಯಿಗೆ ಹಿಡಿದಿದ್ದರು. ಸೀರೆಯ ಬಣ್ಣ ಮಾತ್ರ ತೀರ್ಮಾನವಾಗಲಿಲ್ಲ. ಹೊಸ ಕಣ್ಣಿಗೂ ಅದು ಗಿಳಿ ಹಸಿರೇ.

ಚಿತ್ರ ಮುಗಿದು ಜನ ಎದ್ದ ಮೇಲೆ ನಾನು ಕಾಫಿ ಕೊಡಲು ಬಗ್ಗಿದೆ. ಅತ್ತೆ ಲೋಟ ಹಿಡಿಯದೆ ನನ್ನ ಗಲ್ಲ ಹಿಡಿದು ಕಿಟಕಿಯ ಬೆಳಕಿಗೆ ತಿರುಗಿಸಿದರು. 'ಇಲ್ಲೊಂದ್ ಮಚ್ಚೆ ಐತಲ್ಲವ್ವ! ಮದ್ವೆಯಾಗಿ ಇಷ್ಟ್ ದಿನ ಆಯ್ತು, ನಂಗ್ಯಾರೂ ಹೇಳ್ಳೇ ಇಲ್ವಲ್ಲ' ಅಂದರು. ಎಷ್ಟು ಹೊತ್ತಾದರೂ ಗಲ್ಲ ಬಿಡಲಿಲ್ಲ. ಕಾಫಿ ಆರಿಹೋಯಿತು.

ನಮ್ಮಪ್ಪನಿಗೂ ಇದನ್ನೆಲ್ಲ ಬರೆಯಬೇಕು. ರಾಣಿ ಕಾಲಿಗೆ ಬೀಳಲಿಲ್ಲ ಅಂತ ಅವರಿಗೆ ತಿಳಿಸುವ ಭಾರ ನನ್ನ ಮೇಲಿದೆ. ಅತ್ತೆ ಮಾವನ ಆಶೀರ್ವಾದ, ಕುಳ್ಳಮ್ಮ ದೊಡ್ಡಮ್ಮನ ಪ್ರೀತಿಯ ಬೈಗುಳ ಎರಡೂ ನಿಮಗೆ. ಹೊತ್ತಿಗೆ ಸರಿಯಾಗಿ ಊಟ ಮಾಡಿ, ಬಿಸಿನೀರು ಕುಡಿಯಿರಿ.

ಇಂತಿ ನಿಮ್ಮ,
ಶ್ವೇತ

ಮರೆತಿದ್ದೆ, ಟಪಾಲಿನವನು ಬರುವ ಹೊತ್ತಾಯಿತು, ಬೇಗ ಬರೆಯುತ್ತೇನೆ: ಎಡಗಣ್ಣಿಗೆ ಡಾಕ್ಟರು ಸಂಕ್ರಾಂತಿ ಆದ ಮೇಲೆ ಬರಲು ಹೇಳಿದ್ದಾರೆ. ಅತ್ತೆ ಒಪ್ಪಿದ್ದಾರೆ, ಆದರೆ ಒಂದು ಷರತ್ತು. 'ಸಿನ್ಮಾಗೆ ಅಂತ ಒಂದ್ ಕಣ್ಣು ಮಾಡುಸ್ದೆ. ಇನ್ನೊಂದು ನನ್ ಮಗಂಗೆ. ಕಟ್ಟು ಬಿಚ್ದಾಗ ನಾಗರಾಜು ಎದುರ್ಗೆ ನಿಂತಿರ್ಬೇಕು, ಇಲ್ದಿದ್ರೆ ಬಿಚ್ಚಾಕೇ ಬುಡಾಕಿಲ್ಲ ಅಂತ ಬರಿ' ಅಂದಿದ್ದಾರೆ. ರಜೆ ಇವತ್ತೇ ಕೇಳಿಬಿಡಿ. ಇದು ಅತ್ತೆಯ ಮಾತು. ನನ್ನ ಮಾತನ್ನು ಬೇರೆಯಾಗಿ ಬರೆಯಬೇಕೇ?