ಇರುವೆಗಳು ಮತ್ತೆ ಬಂದಿವೆ

ಆನಂದಪುರ
12–11–1979

ಪ್ರೀತಿಯ ಗಂಗಾ,

ನಿನ್ನ ಅಕ್ಕನ ಆಶೀರ್ವಾದ. ದಸರೆಗೆ ನೀನು ಬರೆದ ಕಾಗದಕ್ಕೆ ದೀಪಾವಳಿ ಕಳೆದರೂ ಉತ್ತರವಿಲ್ಲ ಅಂತ ಮುಖ ಊದಿಸಿಕೊಂಡಿರುತ್ತೀಯ. ಊದಿಸಿಕೋ, ನಿನಗೆ ಅದೇ ಚೆನ್ನ. ಇಲ್ಲಿ ನಡೆಯುತ್ತಿರುವುದನ್ನು ಹೇಗೆ ಬರೆಯಬೇಕೆಂದು ತಿಳಿಯದೆ ತಡವಾಯಿತು.

ನಿನ್ನ ಭಾವನಿಗೆ ಸಕ್ಕರೆ ಕಾಯಿಲೆ ಅಂತ ಮೊದಲು ಗೊತ್ತಾದದ್ದೇ ಬಚ್ಚಲಿನ ಇರುವೆಗಳಿಂದ, ನೆನಪಿದೆಯಾ? ಅವರು ಮೂತ್ರಕ್ಕೆ ಹೋಗಿ ಬಂದ ಜಾಗಕ್ಕೆ ಸಾಲುಗಟ್ಟುತ್ತಿದ್ದವು. ಆಮೇಲೆ ನಾನು ಅನ್ನ ಅಳೆದು ಬಡಿಸಿ, ಬೆಲ್ಲದ ಡಬ್ಬ ಅಟ್ಟಕ್ಕೆ ಏರಿಸಿ, ಬೈದು ಹಾಗಲಕಾಯಿ ತಿನ್ನಿಸಿ ಆ ಸಾಲು ನಿಲ್ಲಿಸಿದೆ. ಈ ಯುಗಾದಿ ಹೊತ್ತಿಗೆ ಅವರೇ ಹೋದರು. ಮನೆಯಲ್ಲಿ ಈಗ ನಾನೊಬ್ಬಳೇ.

ಆದರೆ ಇರುವೆಗಳು ಮತ್ತೆ ಬಂದಿವೆ, ಗಂಗಾ. ಅದೇ ಮೂಲೆಗೆ.

ಪಕ್ಕದ ಮನೆ ಮೂಕಮ್ಮ ನೋಡಿದವಳೇ ಸೆರಗು ಬಾಯಿಗಿಟ್ಟುಕೊಂಡಳು. “ಅಯ್ಯನೋರು ಇನ್ನೂ ಇಲ್ಲೇ ಅದಾರೆ ಕಣ್ರೀ. ಆಸೆ ಪಟ್ಟಿದ್ದು ಎಡೆ ಇಡಿ, ತಿಂದ್ಕಂಡ್ ಹೋಗ್ತಾರೆ” ಅಂದಳು. ಅವರ ಆಸೆ ಇನ್ನೇನು, ಅಕ್ಕಿ ಬೆಲ್ಲದ ಹಾಲುಬಾಯಿ! ದಿನಾ ಮಾಡಿ ಅವರ ಮಣೆಯ ಮುಂದೆ ಇಡುತ್ತೇನೆ. ಎಸೆಯಲು ಮನಸ್ಸಾಗದೆ ಆಮೇಲೆ ನಾನೇ ತಿನ್ನುತ್ತೇನೆ.

ಇರುವೆ ಕಡಿಮೆಯಾಗಲಿಲ್ಲ, ಹೆಚ್ಚಾದವು. ಅವರ ಬಾಯಾರಿಕೆ ಈಗ ನನ್ನ ಗಂಟಲಲ್ಲಿದೆ. ಅವರ ಅಂಗಾಲಿನ ಉರಿ ನನ್ನ ಕಾಲಿಗೆ ಬಂದಿದೆ. ಮೊನ್ನೆ ಮಧ್ಯಾಹ್ನ ಅವರ ಚೊಂಬಿನಲ್ಲೇ ನೀರು ಕುಡಿದು “ಅಬ್ಬಾ” ಅಂದೆ ನೋಡು, ಅದು ಅವರದೇ ದನಿ.

ಮೂಕಮ್ಮ ಹೆದರಿ ನಮ್ಮ ಬಾವಿಗೂ ಬರುವುದಿಲ್ಲ. ನನಗೆ ಹೆದರಿಕೆಯಿಲ್ಲ. ಹೋಗಲಿ ಅಂತ ಅವಳು ಇಡಿಸಿದಳು, ಇರಲಿ ಅಂತ ನಾನು ಇಡುತ್ತಿದ್ದೇನೆ. ತುತ್ತು ಎಣಿಸಿ ಹಾಕಿದವಳ ಮನೆಗೆ ಮತ್ತೆ ಬಂದರಲ್ಲ ಅಂತ ಸಂತೋಷವೇ ಆಗಿದೆ.

ನಿನ್ನ ಯಜಮಾನರಿಗೆ ನಮಸ್ಕಾರ ಹೇಳು. ಮಕ್ಕಳು ಚೆನ್ನಾಗಿರಲಿ, ನಿನ್ನ ಮನೆ ಸದಾ ತುಂಬಿರಲಿ.

ನಿನ್ನ ಅಕ್ಕ,
ವೆಂಕಮ್ಮ

ತಾ.ಕ.: ಹದಿನೈದು ದಿನದ ಹಿಂದೆ ಈ ಕಾಗದ ಹಾಕಲು ಹೊರಟವಳು ಅಂಚೆ ಡಬ್ಬಿಯ ಹತ್ತಿರ ತಲೆ ತಿರುಗಿ ಬಿದ್ದೆ, ಕಾಗದ ನನ್ನಲ್ಲೇ ಉಳಿಯಿತು. ಸಾಗರದ ಆಸ್ಪತ್ರೆಗೆ ಕರೆದುಕೊಂಡು ಹೋದರು. ಡಾಕ್ಟರು ನನ್ನ ಮೂತ್ರವನ್ನು ನೀಲಿ ಔಷಧಕ್ಕೆ ಹಾಕಿ ಕಾಯಿಸಿದರು, ಇಟ್ಟಿಗೆ ಬಣ್ಣಕ್ಕೆ ತಿರುಗಿತು. “ನಿಮಗೂ ಸಕ್ಕರೆ ಕಾಯಿಲೆ ಕಣಮ್ಮ. ಸಿಹಿ ಮುಟ್ಟಿದ್ರೆ ಉಳಿಯೋಲ್ಲ” ಅಂದರು. ಅಂದಿನಿಂದ ಮಾತ್ರೆ ನುಂಗಿ, ನನ್ನ ಅನ್ನ ನಾನೇ ಅಳೆದುಕೊಳ್ಳುತ್ತಿದ್ದೇನೆ, ಹಾಲುಬಾಯಿ ಬಿಟ್ಟಿದ್ದೇನೆ. ಬಾಯಾರಿಕೆ ಇಳಿದಿದೆ. ಇವತ್ತು ಬೆಳಿಗ್ಗೆ ಬಚ್ಚಲಲ್ಲಿ ಕುಕ್ಕರುಗಾಲಲ್ಲಿ ಕೂತು ಹುಡುಕಿದೆ, ಒಂದು ಇರುವೆಯೂ ಇಲ್ಲ. ಅವರು ಬಂದೇ ಇರಲಿಲ್ಲ, ಗಂಗಾ. ಬೆಲ್ಲದ ಡಬ್ಬ ಮಾತ್ರ ಕೈಗೆ ಸಿಗುವಲ್ಲೇ ಇದೆ. ಬೇಗ ಬಾ, ಬಂದು ಅದನ್ನು ಅಟ್ಟಕ್ಕೆ ಏರಿಸು. ನನ್ನ ಕೈಯಿಂದ ಆಗುತ್ತಿಲ್ಲ.